ಅಮೃತ ಇದ್ದಾರಾ?

ಮಂಡ್ಯದ ಹೆದ್ದಾರಿ ಬದಿಯ ಆ ಕಾರು ಷೋರೂಮಿನಲ್ಲಿ ವನಜಾಳ ಮುಖ ಕಂಡ ಗಿರಾಕಿಗಳು ಕಡಿಮೆ. ದನಿ ಕೇಳದವರು ಮಾತ್ರ ಇರಲಿಲ್ಲ. ಹತ್ತು ವರ್ಷದ ಮೇಲಾಯಿತು, ಮಹಡಿಯ ಮೇಲಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಕಾರು ಕೊಂಡವರಿಗೆಲ್ಲ ಫೋನು ಮಾಡಿ, ಗಾಡಿ ಸರ್ವೀಸಿಗೆ ಬಿಡುವ ಕಾಲ ಬಂತು ಎಂದು ನೆನಪಿಸುವುದೇ ಅವಳ ಕೆಲಸ. ಆಯಿಲ್ ಬದಲಿಸುವ ಮಾತನ್ನು ಮಗುವಿಗೆ ಲಸಿಕೆ ಹಾಕಿಸುವಷ್ಟು ಅಕ್ಕರೆಯಿಂದ ಹೇಳುತ್ತಿದ್ದಳು. ಬೈಯಲೆಂದೇ ಬಾಯಿ ತೆರೆದವರೂ ಕೊನೆಗೆ "ಆಯ್ತು ಕಣಮ್ಮ, ನಾಳೀಕೆ ತತ್ತೀನಿ" ಎಂದು ಮೆತ್ತಗಾಗುತ್ತಿದ್ದರು.

ಬೇಸಿಗೆಯಲ್ಲಿ ಮಾಲೀಕ ನಾಗರಾಜು ಕಂಪನಿಯವರ ಮೀಟಿಂಗಿಗೆ ಹೋಗಿ, ದೊಡ್ಡ ಹೋಟೆಲಿನ ಊಟ ಉಂಡು, ತಲೆ ತುಂಬ ಆನ್‌ಲೈನ್ ತುಂಬಿಕೊಂಡು ಬಂದರು. ಇನ್ನು ಮೇಲೆ ಗಿರಾಕಿ ಷೋರೂಮಿಗೆ ಬರುವ ಮೊದಲು ಮೊಬೈಲಿಗೆ ಬರುತ್ತಾನೆ, ಅವನನ್ನು ಅಲ್ಲೇ ಹಿಡಿಯಬೇಕು ಎಂದು ಯಾರೋ ಅವರಿಗೆ ಪರದೆಯ ಮೇಲೆ ಬಾಣದ ಗುರುತು ಎಳೆದು ತೋರಿಸಿದ್ದರು. ಬಂದವರೇ ವನಜಾಳನ್ನು ಕರೆಸಿದರು.

"ನೋಡಮ್ಮ, ಸರ್ವೀಸಿಗೆ ಇನ್ನ ಯಾರೂ ಫೋನ್ ಮಾಡೋದು ಬ್ಯಾಡ, ಮೆಸೇಜು ತಾನೇ ಓಯ್ತದೆ. ನೀನು ಆನ್‌ಲೈನ್ ಟೀಮ್ ಕಟ್ಟು. ಮದ್ದೂರು, ಮಳವಳ್ಳಿ ಎರಡು ತಾಲ್ಲೂಕೂ ನಿಂದೇ. ನಿಮ್ಮನ್ನ ಕೇಳ್ಕಂಡು ಬಂದೋರ ಬುಕಿಂಗ್ ನಿಮ್ ಲೆಕ್ಕ. ಶ್ರಾವಣದಾಗೆ ಜನ ಬಂದು ನಿಮ್ಮನ್ನ ಕೇಳುದ್ರೆ ಟೀಮ್ ಉಳೀತದೆ, ನೀನೇ ಮ್ಯಾನೇಜರು. ಯಾರೂ ಕೇಳ್ನಿಲ್ಲ ಅಂದ್ರೆ ಮುಚ್ಚೋದೆಯ. ಆಮೇಲೆ ನನ್ನ ಬೈಕಬ್ಯಾಡ."

ಹೀಗೆ ಹಳೆಯ ಕೆಲಸದ ಬಾಗಿಲು ಮುಚ್ಚಿ, ಹೊಸದರ ಬಾಗಿಲನ್ನು ಒಂದು ಗೇಣು ಮಾತ್ರ ತೆರೆದಿಟ್ಟು, ಅವರು ಊಟಕ್ಕೆ ಎದ್ದುಹೋದರು.

ಟೀಮು ಎಂದರೆ ಮೂರು ಜನ. ಷೋರೂಮಿನ ಆನ್‌ಲೈನ್ ಪುಟಕ್ಕೆ ಕಾರುಗಳ ಫೋಟೋ, ವಿಡಿಯೋ ಹಾಕಲು ಪುನೀತ್. ಮೊಬೈಲಿನಲ್ಲಿ ವಿಚಾರಿಸಿದವರಿಗೆ ಫೋನು ಮಾಡಿ ಮಾತಾಡಿ, ಷೋರೂಮಿನವರೆಗೆ ಕರೆತರಲು ವನಜಾ ಮತ್ತು ಅರುಂಧತಿ. ಅರುಂಧತಿ ಶಿವನಸಮುದ್ರದ ಕಡೆಯವಳು. ಅಪ್ಪ ಅಲ್ಲಿನ ಪವರ್‌ಹೌಸಿನಲ್ಲಿ ಗುತ್ತಿಗೆ ಕೆಲಸದವನು. ಮಳವಳ್ಳಿಯಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದವಳನ್ನು ವನಜಾಳೇ ಹೇಳಿ ಸೇರಿಸಿಕೊಂಡಿದ್ದಳು. ಇಬ್ಬರೂ ಒಂದೇ ಜನ. ವನಜಾಳ ಅಪ್ಪ ಚಿಕ್ಕಮಾದು ಮೇಷ್ಟ್ರೂ ಅರುಂಧತಿಯ ಅಪ್ಪನೂ ಒಟ್ಟಿಗೇ ಬೌದ್ಧರಾದವರು. ಎರಡೂ ಮನೆಯ ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಅದೇ ಬುದ್ಧ. ಆದರೆ ಊರಿನವರಿಗೆ ಅವರ ಊರಾಚೆ ಬೀದಿ ಗೊತ್ತಿತ್ತೇ ಹೊರತು ಬುದ್ಧ ಗೊತ್ತಿರಲಿಲ್ಲ.

ಕಾರು ಮಾರುವುದು ಆಯಿಲ್ ಬದಲಿಸಿದಷ್ಟು ಸಲೀಸಲ್ಲ ಎಂದು ಮೊದಲ ವಾರದಲ್ಲೇ ತಿಳಿಯಿತು. ಸರ್ವೀಸಿಗೆ ಬರುವವನು ಫೋನು ಮಾಡಿದವಳು ಯಾರು ಎಂದು ಕೇಳುವುದಿಲ್ಲ. ಕಾರು ಕೊಳ್ಳುವವನು ಕೇಳುತ್ತಾನೆ. ಬಣ್ಣ ಆಯಿತು, ಮೈಲೇಜು ಆಯಿತು, ಇನ್ನೇನು ಮಾತು ಕುದುರಿತು ಎನ್ನುವಾಗ ಬರುತ್ತದೆ: "ಅಂದಂಗೆ ನಿಂದ್ಯಾವೂರವ್ವ?" ಊರು ಹೇಳಿದರೆ ಇನ್ನೊಂದು, ಯಾವ ಮನೆಯವಳು ಎಂದು: "ಅಲ್ಲಿ ಯಾರಟ್ಟಿ ಎಣ್ಣು?" ಮೂರನೆಯದನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ.

ಮದ್ದೂರಿನ ದೊಡ್ಡಸಿದ್ದಯ್ಯ ಎಂಬುವರು ಸೀಟಿನ ಕವರಿನ ತನಕ ಎಲ್ಲ ಒಪ್ಪಿದ್ದರು. ಅರುಂಧತಿ ಊರೂ ಹೇಳಿದಳು, ಅಪ್ಪನ ಹೆಸರೂ ಹೇಳಿದಳು. ಅವಳಿಗೆ ಮುಚ್ಚಿಡುವುದು ಗೊತ್ತಿರಲಿಲ್ಲ. "ಓ... ಆಮೇಲ್ ಮಾಡ್ತೀನಿ ಬುಡವ್ವ" ಎಂದರು ದೊಡ್ಡಸಿದ್ದಯ್ಯ. ಆಮೇಲೆ ಅವರ ಫೋನು ಸುಮ್ಮನೆ ಬಡಿದುಕೊಂಡಿತೇ ಹೊರತು ಅವರು ಎತ್ತಲಿಲ್ಲ. ಅಲ್ಲಿ ಸಿಗ್ನಲ್ ಸಿಗುತ್ತಿಲ್ಲವೇನೋ ಎಂದು ಹುಡುಗಿ ಮೂರು ದಿನ ಪ್ರಯತ್ನಪಟ್ಟಳು. ಪಕ್ಕದಲ್ಲೇ ಕೂತಿದ್ದ ವನಜಾಳಿಗೆ ಆ ಮೊದಲ "ಓ" ಕೇಳಿದಾಗಲೇ ಗೊತ್ತಾಗಿತ್ತು. ಇಂಥ ಓಕಾರಗಳನ್ನು ಕೇಳಿಕೊಂಡೇ ಅವಳು ಬೆಳೆದದ್ದು.

ಅವತ್ತು ಟೀ ಹೊತ್ತಿನಲ್ಲಿ ಅವಳು ತೀರ್ಮಾನ ಮಾಡಿಬಿಟ್ಟಳು.

"ನಾಳೆಯಿಂದ ಫೋನಲ್ಲಿ ನೀನೂ ಅಮೃತ, ನಾನೂ ಅಮೃತ. ಊರು ಕೇಳುದ್ರೆ ಮಂಡ್ಯ, ಇಲ್ಲೇ ಉಟ್ಟಿ ಬೆಳೆದದ್ದು ಅನ್ನು. ಅಲ್ಲಿಗೆ ಮಾತು ತಿರುಗ್ಸು. ಯಾರು ಎತ್ತುದ್ರೂ ಒಬ್ಬಳೇ ಮಾತಾಡ್ದಂಗಿರ್ಬೇಕು."

"ಯಾಕಕ್ಕ? ಅರುಂಧತಿ ಅಂತ ನಮ್ಮಪ್ಪ ಆಸೆಪಟ್ಟು ಇಟ್ಟವ್ನೆ."

"ಅಪ್ಪ ಇಟ್ಟುದ್ದ ಮನೇಲಿ ಮಡಗು. ಇಲ್ಲಿ ಕೆಲ್ಸ ಉಳೀಬೇಕು."

"ಎಸ್ರಲ್ಲಿ ಏನು ತಪ್ಪದೆ?"

"ಎಸ್ರಲ್ಲಿ ಏನೂ ಇಲ್ಲ. ಅದ್ರ ಇಂದೆ ಬರೋ ಪ್ರಶ್ನೇಲಿ ಅದೆ." ವನಜಾ ಗಂಟಲು ಸ್ವಲ್ಪ ಏರಿಸಿಯೇ ಹೇಳಿದಳು. ಅರುಂಧತಿ ಮುಖ ಊದಿಸಿಕೊಂಡಳು, ಆದರೆ ಮರುದಿನದಿಂದ ಅಮೃತಳಾದಳು.

ಅಮೃತಳಿಗೆ ಒಳ್ಳೆಯ ಹೆಸರು ಬಂತು. ಆಷಾಢ ಬಂದಾಗ ಕೆಳಗಿನ ಷೋರೂಮು ಬಿಕೋ ಎನ್ನುತ್ತಿತ್ತು. ಆ ತಿಂಗಳಲ್ಲಿ ನಮ್ಮ ಕಡೆ ಸೈಕಲ್ಲು ಕೊಳ್ಳಲೂ ಯೋಚಿಸುತ್ತಾರೆ. ಸೇಲ್ಸಿನ ಹುಡುಗರು ಮಿರಮಿರ ಮಿಂಚುವ ಕಾರುಗಳ ಮೇಲಿನ ದೂಳನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಅವರ ಮೇಲಿನ ಶಿವರಾಜು, ದಪ್ಪ ಮೀಸೆಯವನು, ಮಹಡಿಯ ಕಡೆ ಕಣ್ಣು ಹಾಯಿಸಿ, "ಮ್ಯಾಗಡೆ ಮಾತಿನ್ ಮಿಲ್ಲು ಓಡ್ತಾನೇ ಅದೆ ಕಣ್ಲಾ" ಎಂದು ನಗೆಯಾಡುತ್ತಿದ್ದ. ಅದು ಸುಳ್ಳೇನಲ್ಲ. ಕೊಳ್ಳುವಂತಿಲ್ಲದ ಕಾಲದಲ್ಲೇ ಜನಕ್ಕೆ ವಿಚಾರಿಸಲು ಪುರುಸೊತ್ತು. ಬೆಳಗಿನಿಂದ ಸಂಜೆಯ ತನಕ ಅಮೃತಳ ಫೋನು ಬಿಸಿಯಾಗಿಯೇ ಇರುತ್ತಿತ್ತು.

ಮದ್ದೂರು ಕಡೆಯ ಸೋಮನಹಳ್ಳಿಯ ಚಿಕ್ಕಬೋರಮ್ಮ ಸಿಕ್ಕಿದ್ದು ಆಗಲೇ. ಮಗ ಚಲುವರಾಜು ಅಲ್ಲಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ಕೆಲಸದ ಹೊತ್ತಿನಲ್ಲಿ ಮೊಬೈಲು ಮುಟ್ಟುವಂತಿಲ್ಲ ಎಂದು, ಕಾರಿನ ಬಗ್ಗೆ ವಿಚಾರಿಸುವಾಗ ಅವ್ವನ ನಂಬರು ಕೊಟ್ಟಿದ್ದ. ಹೀಗಾಗಿ ಮಧ್ಯಾಹ್ನದ ಹೊತ್ತು ವನಜಾಳಿಗೆ ಸಿಗುತ್ತಿದ್ದದ್ದು ಕಾರು ಓಡಿಸಲು ಬಾರದ, ಕಾರಿನಲ್ಲಿ ಕೂರಲೂ ಮಂಡಿ ಬಗ್ಗದ ಮುದುಕಿ.

"ಬಿಳೀ ಕಾರು ಬ್ಯಾಡ ಕಣವ್ವ. ಎಲೆಕ್ಸನ್ನೋರು ಬಂದಂಗೆ ಕಾಣ್ತದೆ. ಕೆಂಪ್ ಇಲ್ವಾ?"

"ಅದೆ ಅವ್ವ. ನೀವು ಏಳಿದ್ದೇ ಬಣ್ಣ."

"ಅತ್ತೋದೆಂಗೆ? ನನ್ ಮಂಡಿ ಏಳ್ದಂಗೆ ಕೇಳಾಕಿಲ್ಲ."

ವನಜಾ ಮರುದಿನ ಕೆಳಗೆ ಹೋಗಿ, ಶಿವರಾಜುವಿನ ಹುಡುಗರು ನಗುತ್ತಿದ್ದರೂ ಲೆಕ್ಕಿಸದೆ, ತನ್ನ ಒಂದು ಮಂಡಿಯನ್ನು ನೆಟ್ಟಗಿಟ್ಟುಕೊಂಡೇ ಒಂದೊಂದು ಕಾರಿಗೂ ಹತ್ತಿ ಇಳಿದಳು. ಆಮೇಲೆ ಫೋನು ಮಾಡಿ, "ಅವ್ವ, ಒಂದು ಗಾಡಿ ಅದೆ, ಅದ್ರ ಸೀಟು ಅಟ್ಟಿ ಜಗುಲಿಯಷ್ಟು ಎತ್ರ. ಬಗ್ಗೋದೂ ಬ್ಯಾಡ, ಏರೋದೂ ಬ್ಯಾಡ. ಸುಮ್ನೆ ಕೂತ್ಕಳಿ" ಎಂದಳು. ಸೊಸೆಯೂ ಹೀಗೆ ತನ್ನ ಮಂಡಿಯ ಬಗ್ಗೆ ಯೋಚಿಸಿರಲಿಲ್ಲ ಎಂದಳು ಮುದುಕಿ.

ಅಲ್ಲಿಂದಾಚೆಗೆ ಕಾರಿನ ಮಾತು ನೆಪ. ಚಿಕ್ಕಬೋರಮ್ಮನೇ ಫೋನು ಮಾಡತೊಡಗಿದಳು. ಊರ ಸುದ್ದಿ, ಹಸು ಕರು ಹಾಕಿದ್ದು, ಸೊಸೆ ಸಾರಿಗೆ ಹುಳಿ ಹೆಚ್ಚು ಬಿಟ್ಟಿದ್ದು. ಫೋನು ಇಡುವುದೆಂದರೆ ಮುದುಕಿಗೆ ಮಗಳನ್ನು ಬಸ್ಸು ಹತ್ತಿಸಿದಷ್ಟು ಸಂಕಟ. "ಮಡಗ್ಲಾ ಕಣವ್ವ?" ಎನ್ನುವಳು. "ಮಡಗಿ ಅವ್ವ" ಎಂದರೆ ಇನ್ನೊಂದು ಸುದ್ದಿ ತೆಗೆಯುವಳು. ಮತ್ತೆ "ಮಡಗ್ಲಾ?" ಎನ್ನುವಳು. ನಾಲ್ಕಾರು ಸಲ ಕೇಳದೆ ಅವಳು ಒಂದು ದಿನವೂ ಫೋನು ಇಟ್ಟವಳಲ್ಲ. ಇಷ್ಟೆಲ್ಲದರ ನಡುವೆ ಒಂದೆರಡು ಸಲ "ಯಾರಟ್ಟಿ ಎಣ್ಣವ್ವ ನೀನು?" ಎಂದೂ ಕೇಳಿದ್ದಳು. ವನಜಾ ಮಾತನ್ನು ಕರುವಿನ ಕಡೆ ತಿರುಗಿಸಿದ್ದಳು. ಹಾಗೆ ತಿರುಗಿಸುವಾಗಲೆಲ್ಲ ಅವಳಿಗೆ ತನ್ನ ಮೇಲೇ ಬೇಸರವಾಗುತ್ತಿತ್ತು. ಆದರೂ ಮರುದಿನ ಮಧ್ಯಾಹ್ನ ಆ ಫೋನಿಗೆ ಕಾಯುತ್ತಿದ್ದಳು.

ಶ್ರಾವಣ ಬಂತು. ಮೊದಲ ದಿನವೇ ಪುನೀತ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. "ಅಕ್ಕ, ಕೆಳ್ಗೆ ಜನ ಬಂದವ್ರೆ. ಬಾಗ್ಲಲ್ಲೇ ಕೇಳ್ತಾವ್ರೆ, ಅಮೃತ ಇದ್ದಾರಾ ಅಂತ." ಅರುಂಧತಿ ಕುರ್ಚಿಯಿಂದ ಎದ್ದೇಬಿಟ್ಟಳು. ವನಜಾ ಕೈ ಹಿಡಿದು ಕೂರಿಸಿದಳು. ಕರೆದಾಗ ಹೋಗೋಣ, ನಾವಾಗಿ ಹೋಗಿ ನಿಂತರೆ ಚೆನ್ನಾಗಿರಲ್ಲ ಎಂದಳು. ನಿಜ ಏನೆಂದರೆ ಅವಳಿಗೆ ಹೆದರಿಕೆ. ಅಮೃತ ಎಂಬ ಹೆಸರಿಗೆ ಮುಖ ಬಂದ ಕೂಡಲೇ ಊರೂ ಬರುತ್ತದೆ, ಅಟ್ಟಿಯೂ ಬರುತ್ತದೆ ಎಂಬುದು ಅವಳಿಗೆ ಮೊದಲೇ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ.

ಅವರನ್ನು ಯಾರೂ ಕರೆಯಲಿಲ್ಲ. ಮರುದಿನವೂ ಕರೆಯಲಿಲ್ಲ. ಮೂರನೆಯ ದಿನ ಪುನೀತ್ ನೋಡಿಕೊಂಡು ಬಂದು ಹೇಳಿದ. ಬಾಗಿಲಲ್ಲಿ ನಿಂತು ನಮಸ್ಕಾರ ಹೇಳಲೆಂದು ಹೊಸದಾಗಿ ಸೇರಿದ್ದ ಹುಡುಗಿಯ ಎದೆಯ ಮೇಲೆ ಶಿವರಾಜು ಹಾಕಿಸಿದ ಒಂದು ಹೆಸರಿನ ಪಟ್ಟಿ. ಅದರಲ್ಲಿ ಅಮೃತ ಎಂದು ಬರೆದಿತ್ತು. ಕೇಳಿಕೊಂಡು ಬಂದವರನ್ನೆಲ್ಲ ಅವಳು ನಗುನಗುತ್ತಾ ಶಿವರಾಜುವಿನ ಮೇಜಿಗೆ ಕರೆದೊಯ್ದು ಕೂರಿಸುತ್ತಿದ್ದಳು. ಬುಕಿಂಗುಗಳೆಲ್ಲ ಕೆಳಗಿನವರ ಲೆಕ್ಕಕ್ಕೆ.

ವನಜಾ ಉರಿದುಕೊಂಡು ಕೆಳಗಿಳಿದಳು. "ಶಿವರಾಜಣ್ಣ, ಅಮೃತ ನಮ್ಮೋಳು."

"ನಿಮ್ಮೋಳಾ?" ಶಿವರಾಜು ಮೀಸೆಯೊಳಗೇ ನಕ್ಕ. "ಎಲ್ಲವಳೆ ತೋರ್ಸಮ್ಮ. ನಿನ್ ಎಸ್ರಾ? ಅಲ್ಲ. ಆ ಉಡ್ಗೀದಾ? ಅಲ್ಲ. ಇವಳ್ದೂ ಅಲ್ಲ ಅನ್ನು. ಯಾರ್ದೂ ಅಲ್ದುದ್ದ ಯಾರ್ ಇಟ್ಕಂಡ್ರೆ ನಿಂಗೇನು ನಷ್ಟ?"

ಅವಳು ನೇರ ನಾಗರಾಜು ಹತ್ತಿರ ಹೋದಳು. ಅವರು ಇಬ್ಬರ ಮಾತೂ ಕೇಳಿದರು. ಅವರು ಕೆಟ್ಟ ಮನುಷ್ಯರಲ್ಲ, ತಲೆನೋವು ಬೇಡದ ಮನುಷ್ಯರು. ಸೋಮನಹಳ್ಳಿಯವರು ಶುಕ್ರವಾರ ಬರುತ್ತಾರೆ, ಆ ಅಜ್ಜಿ ನನ್ನ ದನಿ ಬಲ್ಲಳು ಎಂದಳು ವನಜಾ. "ಸರಿ ಹಂಗಾರೆ" ಎಂದರು ಅವರು. "ಆವಮ್ಮ ಎಲ್ಲರ ಮುಂದೆ ನಿನ್ ಕಡೆ ಕೈ ಮಾಡಿ ಇವಳೇ ಅಮೃತ ಅನ್ಲಿ. ಅಮೃತನ ಎಸ್ರಿನ ಬುಕಿಂಗೆಲ್ಲ ನಿಮ್ಮ ಟೀಮಿಗೆ ಬರೀತೀನಿ. ಅನ್ನಿಲ್ವಾ, ನೀನೂ ಆ ಉಡ್ಗೀನೂ ಮನೆ ಕಡೆ."

ಶುಕ್ರವಾರ ಚಿಕ್ಕಬೋರಮ್ಮ ಬಂದಳು. ರೇಷ್ಮೆ ಸೀರೆ, ಮುಡಿ ತುಂಬ ಕಾಕಡ ಹೂವು. ಮಗ ಚಲುವರಾಜು, ಸೊಸೆ, ಮೊಮ್ಮಕ್ಕಳು, ಕಾರು ನೋಡಲೆಂದೇ ಹೊರಟ ನೆಂಟರು. ಮಂಡಿ ಹಿಡಿದುಕೊಂಡು ಬಾಗಿಲು ದಾಟಿದವಳೇ, "ಎಲ್ಲಪ್ಪ ನಮ್ ಅಮ್ರುತ?" ಎಂದಳು.

ಶಿವರಾಜು ಬಾಗಿಲ ಹುಡುಗಿಯನ್ನು ಮುಂದೆ ಬಿಟ್ಟ. ಹುಡುಗಿ ಕೈ ಮುಗಿದು, ಚೆನ್ನಾಗಿದ್ದೀರಾ ಅಜ್ಜಿ ಎಂದಳು. ಚಿಕ್ಕಬೋರಮ್ಮ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ದನಿ ಬ್ಯಾರೆ ಆಯ್ತಲ್ಲ ಮಗ."

"ನೆಗಡಿ ಅಜ್ಜಿ."

ನಾಗರಾಜು ತಮ್ಮ ಕೋಣೆಯಿಂದ ಹೊರಗೆ ಬಂದು ಮಹಡಿಯ ಕಡೆ ಬಾ ಎಂದು ಸನ್ನೆ ಮಾಡಿದರು. ವನಜಾ ಮೆಟ್ಟಿಲಿಳಿಯತೊಡಗಿದಳು. ಹಿಂದೆಯೇ ಅರುಂಧತಿ ಬಂದು ಮೇಲಿನ ಮೆಟ್ಟಿಲಲ್ಲಿ ನಿಂತಳು. ವನಜಾ ಮೊದಲ ಸಲ ನೋಡುತ್ತಿದ್ದ ಮುದುಕಿಯ ಮುಖ, ದಿನಾ ಮಧ್ಯಾಹ್ನ ಕೇಳಿದ ದನಿಗೆ ತಕ್ಕಂತೆಯೇ ಇತ್ತು. ಬಾಯಿ ತೆರೆದು "ಮಂಡಿ ಎಂಗದೆ ಅವ್ವ?" ಎಂದರೆ ಸಾಕಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಅಷ್ಟರಲ್ಲಿ ಚಿಕ್ಕಬೋರಮ್ಮ ನೆಂಟರ ಕಡೆ ತಿರುಗಿ ಗಟ್ಟಿಯಾಗಿ ಹೇಳುತ್ತಿದ್ದಳು. "ನಮ್ಮೋಳೇ ಕಣ್ರಲಾ. ನಮ್ಮೋಳಲ್ದೆ ಇಂಗೆ ಮಾತು ಬತ್ತದಾ? ಯಾರಟ್ಟಿ ಎಣ್ಣು ಅಂತ ಇವತ್ತು ಕೇಳ್ಕಂಡೇ ಓಗೋದು. ಕಾರು ಈಚೆಗೆ ತರೋ ದಿನ ಅವಳ ಕೈಲೇ ಆರತಿ ಎತ್ತಿಸ್ಬೇಕು. ಅದ್ರಲ್ಲೇ ಅವಳನ್ನ ಅಟ್ಟಿಗೆ ಕರ್ಕಂಡೋಗಿ, ಒಲೆ ಮುಂದೆ ಕೂರ್ಸಿ ಉಣ್ಣಕ್ಕಿಕ್ಬೇಕು."

ವನಜಾಳ ಕಾಲು ಮೆಟ್ಟಿಲ ಮೇಲೆಯೇ ನಿಂತುಬಿಟ್ಟಿತು. ಮುಂದಿನದೆಲ್ಲ ಅವಳಿಗೆ ಆಗಲೇ ಆಗಿಹೋದಷ್ಟು ಸ್ಪಷ್ಟವಾಗಿ ಕಂಡಿತು. ಮುದುಕಿ ಕೈ ಹಿಡಿಯುತ್ತಾಳೆ, ಇಷ್ಟು ಜನರ ನಡುವೆ ಊರು ಕೇಳುತ್ತಾಳೆ, ಅಪ್ಪನ ಹೆಸರು ಕೇಳುತ್ತಾಳೆ. ಆಮೇಲೆ ಹಿಡಿದ ಕೈ ಸಡಿಲವಾಗುತ್ತದೆ. ಬೈಯುವುದಿಲ್ಲ, ಏನೂ ಅನ್ನುವುದಿಲ್ಲ. ಸೆರಗು ಸರಿ ಮಾಡಿಕೊಳ್ಳುವ ನೆಪದಲ್ಲಿ ಕೈ ಹಿಂದಕ್ಕೆ ಹೋಗುತ್ತದೆ, ಅಷ್ಟೆ. ಕೆಲಸ ಹೋದರೆ ತಡೆದುಕೊಳ್ಳಬಹುದು. ಈ ಒಂದು ಕೈ ಹಾಗೆ ಹಿಂದೆ ಹೋಗುವುದನ್ನು ನೋಡಲಾರೆ ಎನ್ನಿಸಿತು ಅವಳಿಗೆ.

"ಏನಮ್ಮ ವನಜಾ" ಎಂದರು ನಾಗರಾಜು, "ಈವಮ್ಮ ಕೇಳ್ತಾ ಇರೋ ಅಮೃತ ನೀನೇನಾ?"

"ಅಲ್ಲ ಸಾರ್." ದನಿಯನ್ನು ಆದಷ್ಟು ಅದುಮಿಕೊಂಡು ಹೇಳಿದಳು. "ಅಮೃತ ಅವ್ರೇ." ಕೈ ಎತ್ತಿ ಬಾಗಿಲ ಹುಡುಗಿಯನ್ನು ತೋರಿಸಿದಳು.

ಚಿಕ್ಕಬೋರಮ್ಮ ತಲೆಯೆತ್ತಿ ಒಂದು ಗಳಿಗೆ ಅವಳನ್ನೇ ನೋಡಿದಳು. ಅಷ್ಟರಲ್ಲಿ ಮಗ ಕೆಂಪು ಕಾರಿನ ಬಾಗಿಲು ತೆರೆದು ಕರೆದ. ಮುದುಕಿ ಹೋಗಿ ಸೀಟಿನ ಮೇಲೆ ಕೂತಳು. ಬಗ್ಗಲೂ ಇಲ್ಲ, ಏರಲೂ ಇಲ್ಲ, ಜಗುಲಿಯ ಮೇಲೆ ಕೂತಂತೆಯೇ ಕೂತಳು. ಶಿವರಾಜು ಸಿಹಿಯ ತಟ್ಟೆ ತರಿಸಿದ.

ಮೇಲಿನ ಕೋಣೆಯಲ್ಲಿ ಅರುಂಧತಿ ಊಟದ ಡಬ್ಬಿಯನ್ನು ಬ್ಯಾಗಿಗೆ ತುರುಕುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ವನಜಾಳಿಗೆ ಎಷ್ಟೋ ಸಲೀಸಾಗುತ್ತಿತ್ತು.

"ನನ್ ಎಸ್ರು ಬುಡಿಸಿದ್ರಿ, ಬುಟ್ಟೆ. ಆ ಎಸ್ರನ್ನಾದ್ರೂ ನೀವು ಬುಡಬಾರ್ದಾಗಿತ್ತು ಅಕ್ಕ."

ಅರುಂಧತಿ ವನಜಾಳಿಗಾಗಿ ಕಾಯದೆ ಒಬ್ಬಳೇ ಇಳಿದುಹೋದಳು. ಸಂಜೆ ನಾಗರಾಜು ಕರೆಸಿ, ಬೇಸರ ಮಾಡಿಕೊಳ್ಳಬೇಡ ಎಂದರು. ಸೋಮವಾರ ಬಂದು ಟೀಮಿನ ಮೊಬೈಲು ಒಪ್ಪಿಸಿ, ಬರಬೇಕಾದ್ದು ತಗೊಂಡು ಹೋಗು ಎಂದರು. ಬಾಗಿಲಲ್ಲಿ ನಿಂತ ಅಮೃತ ಅವಳಿಗೂ ಕೈ ಮುಗಿದು ನಮಸ್ಕಾರ ಹೇಳಿದಳು, ಅದು ಅವಳ ಕೆಲಸ.

ಮದ್ದೂರಿನಲ್ಲಿ ಇಳಿದು ಮಳವಳ್ಳಿ ಬಸ್ಸಿಗೆ ಕಾಯುತ್ತಿರುವಾಗ ಬ್ಯಾಗಿನೊಳಗೆ ಟೀಮಿನ ಮೊಬೈಲು ಬಡಿದುಕೊಂಡಿತು. ಚಿಕ್ಕಬೋರಮ್ಮ. ಎತ್ತುವುದೇ ಬೇಡ ಎಂದುಕೊಂಡವಳು ಎತ್ತಿದಳು.

"ಅಮ್ರುತಾ, ಉಂಡ್ಯಾ?"

"ಇಲ್ಲ ಅವ್ವ. ಇನ್ನೂ ಬಸ್‌ಸ್ಟ್ಯಾಂಡಲ್ಲಿವ್ನಿ."

"ಆ ಬಾಗ್ಲಲ್ಲಿದ್ದೋಳು ನೀನಲ್ಲ. ಮೆಟ್ಲ ಮ್ಯಾಲೆ ನಿಂತಿದ್ದೋಳು ನೀನು. ಅಲ್ಲ ಸಾರ್ ಅಂದ್ಯಲ್ಲ, ಅವಾಗ್ಲೇ ಗೊತ್ತಾಯ್ತು. ದಿನಾ ಕೇಳೋ ದನಿ ಗೊತ್ತಾಗಾಕಿಲ್ವಾ? ಏನೋ ಅದೆ, ಎಲ್ಲರ ಮುಂದೆ ಕೇಳಾದು ಬ್ಯಾಡ ಅಂತ ಸುಮ್ಕಾದೆ. ಯಾಕವ್ವ ಅಂಗಂದೆ?"

ಸುತ್ತ ಬಸ್ಸುಗಳ ಗಲಾಟೆ, ವಡೆ ಮಾರುವವರ ಕೂಗು. ವನಜಾ ಫೋನನ್ನು ಕಿವಿಗೆ ಒತ್ತಿ ಹಿಡಿದು, ನನ್ನ ಕೆಲಸ ಹೋಯ್ತು ಅವ್ವ ಎಂದಳು. ನಾಗರಾಜು ಹಾಕಿದ್ದ ಷರತ್ತನ್ನೂ ಹೇಳಿದಳು, ತಾನು ಅಲ್ಲವೆಂದ ಕಾರಣ ಮಾತ್ರ ಹೇಳಲಿಲ್ಲ.

"ಅಷ್ಟೆಯಾ? ಮಗ ಸೋಮ್ವಾರ ದುಡ್ಡು ಕಟ್ಟಕ್ಕೆ ಬತ್ತಾನೆ. ನಾನೂ ಬತ್ತೀನಿ. ನಿನ್ ಕೈ ಇಡ್ಕಂಡು ನಿಮ್ ಯಜಮಾನಂಗೆ ಏಳ್ತೀನಿ, ಇವಳೇ ಕಣಪ್ಪ ನಮ್ಮ ಅಮ್ರುತ ಅಂತ. ಯಾವನ್ ತೆಗೀತಾನೆ ನಿನ್ ಕೆಲ್ಸವ?"

ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದಂತಾಯಿತು ವನಜಾಳಿಗೆ. ಅರುಂಧತಿಗೆ ಈಗಲೇ ಫೋನು ಮಾಡಬೇಕು, ಸೋಮವಾರ ಇಬ್ಬರೂ ಒಟ್ಟಿಗೆ ಹೋಗಬೇಕು. ಬೆಳಗ್ಗೆ ತಾನು ಸುಮ್ಮನೆ ಹೆದರಿದೆ ಎನ್ನಿಸಿತು. ಹತ್ತಿರದವರನ್ನೇ ನಂಬದೆ ಹೋದೆನಲ್ಲ ಎಂದು ನಾಚಿಕೆಯೂ ಆಯಿತು.

"ಅದಿರ್ಲಿ" ಎಂದಳು ಚಿಕ್ಕಬೋರಮ್ಮ, ಅಕ್ಕರೆಯಿಂದಲೇ. "ಇವತ್ತಾದ್ರೂ ಏಳು. ಯಾರಟ್ಟಿ ಎಣ್ಣವ್ವ ನೀನು?"

ಈ ಸಲ ವನಜಾ ಮಾತು ತಿರುಗಿಸಲಿಲ್ಲ. ಇಷ್ಟು ದಿನದ ಮಾತಿಗೆ, ಆ ಮಂಡಿಗೆ, ಆ ಕರುವಿಗೆ, ತಾನು ಅಷ್ಟಾದರೂ ಕೊಡಬೇಕು ಎನ್ನಿಸಿತು. "ನನ್ ಎಸ್ರು ಅಮೃತ ಅಲ್ಲ ಅವ್ವ. ವನಜಾ. ಮಂಡ್ಯದೋಳೂ ಅಲ್ಲ, ಮಳವಳ್ಳಿ ತಾವ ಇಪ್ಪೆಕೊಪ್ಪಲು. ಚಿಕ್ಕಮಾದು ಮೇಷ್ಟ್ರ ಮಗಳು. ಊರಾಚೆ ಬೀದಿ."

ಆಚೆ ಕಡೆ ಕರು ಕೂಗುವುದು ಕೇಳಿಸಿತು. ಯಾರೋ ಬಿಂದಿಗೆ ಇಳಿಸಿದರು. ಚಿಕ್ಕಬೋರಮ್ಮನ ಉಸಿರೂ ಕೇಳಿಸುತ್ತಿತ್ತು.

"ಓ" ಎಂದಳು ಮುದುಕಿ.

ಆಮೇಲೆ ಏನೂ ಕೇಳಿಸಲಿಲ್ಲ. ವನಜಾ ಕಾದಳು. ಕಿವಿಯಿಂದ ತೆಗೆದು ನೋಡಿದಾಗ ಪರದೆ ಕಪ್ಪಾಗಿತ್ತು. ಮಳವಳ್ಳಿ ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಅವಳು ಮೊಬೈಲನ್ನು ಮತ್ತೆ ಕಿವಿಗಿಟ್ಟುಕೊಂಡು, ಈ ಸಲ ಯಾರೂ ಕೇಳದ ಪ್ರಶ್ನೆಗೆ ಎಂದಿನಂತೆ ಉತ್ತರ ಹೇಳಿದಳು.

"ಮಡಗಿ ಅವ್ವ."